ಮೈದಾನದ ಎದುರಿನ ಹೋಟೆಲು: ಸಜ್ಜಿಗೆ-ಬಜಿಲ್, ಚಾ ಮತ್ತು ಮುಗಿಯದ ಕೋಚ್ ಜಗಳ

ಮೊದಲು ತಿಂಡಿಯ ವಿಷಯ ಹೇಳಿ ಮುಗಿಸುತ್ತೇನೆ. ಹೆಚ್ಚಿನವರಿಗೆ ಬೇಕಾದ್ದು ಅದೇ ಅಲ್ವಾ.

ಸಜ್ಜಿಗೆ-ಬಜಿಲ್ (ಉಪ್ಪಿಟ್ಟು-ಅವಲಕ್ಕಿ) ಚೆನ್ನಾಗಿದೆ. ತೆಳು ಅವಲಕ್ಕಿಗೆ ಕಾಯಿತುರಿ, ಬೆಲ್ಲ, ಮೆಣಸಿನ ಪುಡಿ ಹಾಕಿ ಕೈಯಲ್ಲೇ ಹಿಸುಕಿ ಕಲಸುತ್ತಾರೆ. ಹೊತ್ತು ಹೋದರೂ ಒಣಗುವುದಿಲ್ಲ. ಆದರೆ ಒಂಬತ್ತರ ಮೇಲೆ ಹೋದರೆ ಸಜ್ಜಿಗೆ ಮಾತ್ರ ಉಳಿದಿರುತ್ತದೆ, ಬಜಿಲ್ ಖಾಲಿ. ಬನ್ಸ್ ಪರವಾಗಿಲ್ಲ, ಸಿಹಿ ಸ್ವಲ್ಪ ಜಾಸ್ತಿ. ಗೋಲಿಬಜೆಯ ಮೊದಲ ಬಾಣಲೆ ಸಂಜೆ ನಾಲ್ಕಕ್ಕೆ ಇಳಿಯುತ್ತದೆ. ಅದನ್ನು ಬಿಡಬೇಡಿ. ಹೊರಗೆ ಗರಿಗರಿ, ಒಳಗೆ ಹತ್ತಿಯ ಹಾಗೆ, ಜೊತೆಗೆ ಶುಂಠಿ ಹಾಕಿದ ಕಾಯಿ ಚಟ್ನಿ. ಚಾ 12 ರೂಪಾಯಿ. ಕಟ್ಟ ಚಾ (ಹಾಲು ಹಾಕದ್ದು) 10. ನೇಂದ್ರ ಬಾಳೆಹಣ್ಣಿನ ಪೋಡಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಹಣ್ಣು ಸರಿಯಾಗಿ ಕಳಿಯದೆ ಮಾಮ ಪೋಡಿ ಮಾಡುವುದಿಲ್ಲ.

ಮಾಮ ಅಂದರೆ ಮಾಲೀಕರು. ಹೋಟೆಲಿಗೆ ಹೆಸರು ಉಂಟು, ಬೋರ್ಡೂ ಉಂಟು. ಆದರೆ ಹೆಸರು ಹಾಕಬೇಡ ಅಂತ ಅವರೇ ಹೇಳಿದ್ದಾರೆ. ಈಗಲೇ ಸಂಜೆ ಹೊತ್ತು ಕೂತುಕೊಳ್ಳಲು ಜಾಗ ಇಲ್ಲ, ಇನ್ನು ನಾಲ್ಕು ಜನ ಜಾಸ್ತಿ ಬಂದರೆ ಬಾಣಲೆ ಹತ್ತಿರ ನಿಲ್ಲಿಸಬೇಕಾಗುತ್ತದೆ ಅನ್ನುತ್ತಾರೆ. ಹಾಗಾಗಿ ಇಷ್ಟು ಮಾತ್ರ ಹೇಳುತ್ತೇನೆ: ಕಾಸರಗೋಡು ಜಿಲ್ಲೆಯ ಉತ್ತರದ ತುದಿ, ಅಡಿಕೆ ತೋಟಗಳ ನಡುವೆ ಒಂದು ಕಾಲೇಜು, ಅದರ ಕೆಂಪುಮಣ್ಣಿನ ಮೈದಾನ, ಮೈದಾನದ ಗೇಟಿನ ಎದುರು ಹೋಟೆಲು. ನಮ್ಮ ಕಡೆಯವರಿಗೆ ಇಷ್ಟು ಸಾಕು.

ಪಕ್ಕದಲ್ಲೇ ನನ್ನ ಅಂಗಡಿ. ಜರ್ಸಿಗೆ ಹೆಸರು, ನಂಬರು ಹಾಕುವ ಕೆಲಸ. ವಿನೈಲ್ ಶೀಟಿನಲ್ಲಿ ಅಕ್ಷರ ಕತ್ತರಿಸುವುದು, ಬೇಡದ ತುಂಡು ಕಿತ್ತು ತೆಗೆಯುವುದು, ಆಮೇಲೆ ಹೀಟ್ ಪ್ರೆಸ್ಸಿನಲ್ಲಿ 150 ಡಿಗ್ರಿಗೆ ಒತ್ತುವುದು. 11 ಹಾಕುವುದು ಸುಲಭ. 8 ಹಾಕುವುದು ತಲೆನೋವು, ಒಳಗಿನ ಎರಡು ಸಣ್ಣ ತುಂಡನ್ನು ಸೂಜಿ ಮೊನೆಯಿಂದ ಎಬ್ಬಿಸಬೇಕು. ಈ ಜಿಲ್ಲೆಯಲ್ಲಿ ಕ್ಲಬ್ಬುಗಳಿಗೆ ಬರಗಾಲ ಇಲ್ಲ, ಸೆವೆನ್ಸ್ (ಏಳೇಳು ಜನರ ಫುಟ್‌ಬಾಲ್) ಸೀಸನ್ ಬಂತೆಂದರೆ ನನಗೆ ಊಟಕ್ಕೂ ಪುರುಸೊತ್ತು ಇಲ್ಲ. ಕಾಲೇಜಿನ ಹುಡುಗರನ್ನು ಹೆಸರಿಗಿಂತ ನಂಬರಿನಲ್ಲೇ ನನಗೆ ಗುರುತು. ಮುಂದೆ ನಂಬರಿನಲ್ಲೇ ಹೇಳುತ್ತೇನೆ, ಹೆಸರು ಯಾಕೆ ಸುಮ್ನೆ.

ಬೆಳಗ್ಗೆ ಹೋದರೆ ಇದು ಸಾಮಾನ್ಯ ಹೋಟೆಲು. ಅಡಿಕೆ ರೇಟು, ಕೊಳೆರೋಗ, ಹೆದ್ದಾರಿ ಕೆಲಸ, ಬಸ್ಸು ಬಂತಾ ಇಲ್ವಾ. ಸಂಜೆ ಐದರ ಮೇಲೆ ಬೇರೆಯೇ ಕಥೆ. ಗೋಡೆಯಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಒಂದು ಬೋರ್ಡು ಉಂಟು: ಇಲ್ಲಿ ರಾಜಕೀಯ ಮಾತಾಡಬಾರದು. ಫುಟ್‌ಬಾಲ್ ಬಗ್ಗೆ ಬೋರ್ಡು ಏನೂ ಹೇಳುವುದಿಲ್ಲ. ಹಾಗಾಗಿ ರಾಜಕೀಯಕ್ಕೆ ಬೇಕಾದ ಗಂಟಲೆಲ್ಲಾ ಫುಟ್‌ಬಾಲಿಗೆ ಖರ್ಚಾಗುತ್ತದೆ. ತುಳು, ಕನ್ನಡ, ಮಲಯಾಳ, ಬ್ಯಾರಿ ಎಲ್ಲಾ ಒಂದೇ ಟೇಬಲ್ಲಿನಲ್ಲಿ. ಒಬ್ಬ ಮಲಯಾಳದಲ್ಲಿ ಬೈದರೆ ಇನ್ನೊಬ್ಬ ತುಳುವಿನಲ್ಲಿ ಉತ್ತರ ಕೊಡುತ್ತಾನೆ, ಇಬ್ಬರಿಗೂ ತೊಂದರೆ ಇಲ್ಲ.

ನಾನು ಈ ವಿಮರ್ಶೆ ಬರೆಯುವುದಕ್ಕೆ ಕಾರಣವೇ ಆ ಸಂಜೆಯ ಮಾತು. ಒಳ್ಳೆ ಗೋಲಿಬಜೆ ಕಾಸರಗೋಡಿನಲ್ಲಿ ಬೇರೆ ಕಡೆಯೂ ಸಿಗುತ್ತದೆ. ಒಂದು ಸಬ್‌ಸ್ಟಿಟ್ಯೂಷನ್ ಮೇಲೆ ವಾರಗಟ್ಟಲೆ ನಡೆಯುವ ಜಗಳ ಸಿಗುವುದಿಲ್ಲ.

ವಿಷಯ ಇಷ್ಟು. ಅಂತರ್ ಕಾಲೇಜು ನಾಕೌಟ್, ಸೆಮಿಫೈನಲ್, ನಮ್ಮದೇ ಮೈದಾನ. ನಮ್ಮವರು 1-0 ಮುಂದೆ. ಗೋಲು ಹಾಕಿದ್ದು 9, ಆದರೆ ಆಟ ಪೂರ್ತಿ ಆಡಿಸಿದ್ದು ಎಡ ವಿಂಗಿನ 11. ತೆಳ್ಳಗಿನ ಹುಡುಗ, ಸ್ಮಾಲ್ ಸೈಜು ಜರ್ಸಿಯೂ ಅವನಿಗೆ ದೊಗಳೆ. ಆ ಕಡೆಯ ರೈಟ್ ಬ್ಯಾಕ್ (ಹಿಂದೆ ಬಲಬದಿ ಕಾಯುವವ) ಗಟ್ಟಿಮುಟ್ಟಾದ ಆಸಾಮಿ, ಆದರೆ 11ರ ಹೆದರಿಕೆಗೆ ಅರ್ಧ ಗೆರೆ ದಾಟಿದ್ದೇ ಇಲ್ಲ. ಚೆಂಡು ಎಲ್ಲೇ ಇರಲಿ, ಅವನ ಕಣ್ಣು ಮಾತ್ರ 11ರ ಮೇಲೆ.

ಇನ್ನು ಹನ್ನೆರಡು ನಿಮಿಷ ಉಂಟು ಅನ್ನುವಾಗ ನಮ್ಮ ಕೋಚ್ 11ನ್ನು ಹೊರಗೆ ಕರೆದರು. ಒಳಗೆ ಕಳಿಸಿದ್ದು 15, ಸ್ಟಾಪರ್, ಅಂದರೆ ಗೋಲಿನ ಎದುರು ಹಿಂದೆ ನಿಂತು ತಡೆಯುವವ. ಹಿಂದೆ ನಾಲ್ಕು ಜನ ಇದ್ದದ್ದು ಐದಾಯಿತು. 9 ಕೂಡ ಹಿಂದೆ ಬಂದ. ಚೆಂಡು ಸಿಕ್ಕಿದರೆ ಆಚೆ ತೋಟಕ್ಕೆ ಹೊಡೆಯುವುದು, ಅದು ಬರುವವರೆಗೆ ಉಸಿರು ಬಿಡುವುದು. ಇಷ್ಟೇ ಆಟ.

ಆ ರೈಟ್ ಬ್ಯಾಕಿಗೆ ಈಗ ಹೆದರಲು ಯಾರೂ ಇಲ್ಲ. ಅವನು ಮೆಲ್ಲ ಮುಂದೆ ಬಂದ. ಮೊದಲು ಅರ್ಧ ಗೆರೆವರೆಗೆ, ಮತ್ತೆ ನಮ್ಮ ಬಾಕ್ಸಿನವರೆಗೆ. ಒಂದು ಕ್ರಾಸ್ ಗೋಲ್‌ಕೀಪರ್ ಹಿಡಿದ. ಇನ್ನೊಂದು ಸ್ಟಾಪರಿನ ಮಂಡಿಗೆ ತಾಗಿ ಕಾರ್ನರ್. ಆ ಕಾರ್ನರಿಗೆ ಹೆಡ್ಡರ್, ಗೋಲು. ಆಟ ಮುಗಿಯಲು ಎರಡು ನಿಮಿಷ ಬಾಕಿ ಇತ್ತು. ಆಮೇಲೆ ಎಕ್ಸ್‌ಟ್ರಾ ಟೈಮ್ ಇಲ್ಲ, ನೇರ ಪೆನಾಲ್ಟಿ. 4-3ಕ್ಕೆ ಸೋತರು.

ಅವತ್ತು ಸಂಜೆ ಹೋಟೆಲಿನಲ್ಲಿ ಗೋಲಿಬಜೆ ಉಳಿಯಿತು. ಮಾಮನ ಹೋಟೆಲಿನಲ್ಲಿ ಗೋಲಿಬಜೆ ಉಳಿಯುವುದು ಸಾವಿನ ಮನೆಯ ಲಕ್ಷಣ. ಮರುದಿನ ಬೆಳಗ್ಗೆಯಿಂದ ಮಾತು ಶುರು.

ಹೋಟೆಲಿನ ಒಳಗೆ ಮೂರು ಟೇಬಲ್ಲು. ಎರಡು ಸನ್‌ಮೈಕಾದ್ದು, ಒಂದು ಹಳೆಯ ಕಡಪ ಕಲ್ಲಿನದ್ದು. ಮಾತು ಆಗುವುದು ಕಡಪ ಕಲ್ಲಿನ ಟೇಬಲ್ಲಿನಲ್ಲಿ, ಯಾಕೆಂದರೆ ಒದ್ದೆ ಬೆರಳಿನಿಂದ ಅದರ ಮೇಲೆ ಗೆರೆ ಎಳೆಯಬಹುದು. ಗ್ಲಾಸಿನ ತಳದ ಚಾ ನೀರಿನಲ್ಲೇ ಅರ್ಧ ಗೆರೆ, ಬಾಕ್ಸು, ಕಾರ್ನರ್ ಎಲ್ಲಾ ಎಳೆಯುತ್ತಾರೆ. ಫ್ಯಾನಿನ ಗಾಳಿಗೆ ಒಣಗುವಷ್ಟರಲ್ಲಿ ನಿಮ್ಮ ಮಾತು ಮುಗಿಸಬೇಕು. ಟೀವಿಯಲ್ಲಿ ಎಕ್ಸ್‌ಪರ್ಟುಗಳು ಬಾಣದ ಗುರುತು ಹಾಕಿ ತೋರಿಸುವುದಕ್ಕಿಂತ ಇದು ನನಗೆ ಇಷ್ಟ. ಇಲ್ಲಿ ಹೊತ್ತಿಗೆ ಮಿತಿ ಉಂಟು.

ಕೋಚನ್ನು ಬೈಯುವವರ ಕಡೆಗೆ ಇಚ್ಚ. ಆಟೋ ಓಡಿಸುತ್ತಾರೆ, ಒಂದು ಕಾಲದಲ್ಲಿ ಸೆವೆನ್ಸ್ ಆಡಿದವರು, ಅವರೂ ಸ್ಟಾಪರ್. ಸ್ಟಾಪರ್ ಆದವರೇ ಸ್ಟಾಪರ್ ಇಳಿಸಿದ್ದು ತಪ್ಪು ಅಂತ ಹೇಳುವಾಗ ಅದಕ್ಕೆ ತೂಕ ಜಾಸ್ತಿ. "ನಾನು ಹಿಂದೆ ನಿಲ್ಲುವವ. ನನಗೆ ಗೊತ್ತು. ಮುಂದೆ ಒಬ್ಬ ಓಡುವವ ಇದ್ದರೆ ನನಗೆ ನಿದ್ದೆ ಮಾಡಬಹುದು. ಅವನನ್ನು ತೆಗೆದು ನನ್ನ ಪಕ್ಕ ಇನ್ನೊಬ್ಬನನ್ನು ನಿಲ್ಲಿಸಿದರೆ ಇಬ್ಬರಿಗೂ ಕೆಲಸ." ಬೈಯುವವರಲ್ಲಿ ಇಷ್ಟು ಚಂದ ಹೇಳಿದವರು ಇನ್ನೊಬ್ಬರಿಲ್ಲ.

ಕೋಚಿನ ಕಡೆಗೆ ಮಾಷ್ಟ್ರು. ರಿಟೈರ್ ಆದ ಗಣಿತದ ಮಾಷ್ಟ್ರು, ಸಕ್ಕರೆ ಇಲ್ಲದ ಕಟ್ಟ ಚಾ, ಬೆಳ್ಳಗಿನ ಮುಂಡು, ಕಿಸೆಯಲ್ಲಿ ಎರಡು ಪೆನ್ನು. ಮಗಳು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಲ್ಯಾನ್ಸಿಂಗ್ ಊರಿನಲ್ಲಿ ಇರುವುದು. ಇವರು ಒಂದು ಸಲ ಹೋಗಿ ಕೆಲವು ತಿಂಗಳು ಇದ್ದು ಬಂದರು. ಹೋದವರು ಮೊಮ್ಮಗನ ಫೋಟೋ ತರುತ್ತಾರೆ, ಚಾಕೊಲೇಟು ತರುತ್ತಾರೆ. ಇವರು ಅಲ್ಲಿಯ ಕಾಲೇಜು ಫುಟ್‌ಬಾಲ್ ತಂದರು.

ಅಮೆರಿಕದ ಫುಟ್‌ಬಾಲ್ ಬೇರೆ. ಕೈಯಲ್ಲಿ ಹಿಡಿದು ಓಡುವುದು, ಎಸೆಯುವುದು. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ, ಇಲ್ಲದಿದ್ದರೆ ಚೆಂಡು ಎದುರಿನವರಿಗೆ. ಮಾಷ್ಟ್ರು ಇದನ್ನು ಚಮಚ, ಸಕ್ಕರೆ ಡಬ್ಬಿ, ಉಪ್ಪಿನಕಾಯಿ ಬಾಟಲಿ ಇಟ್ಟು ಟೇಬಲ್ಲಿನ ಮೇಲೆ ವಿವರಿಸುತ್ತಾರೆ. ಸಕ್ಕರೆ ಡಬ್ಬಿ ಬೇಕಾದವರು ಆಗ ಕಾಯಬೇಕು, ಕೇಳಿದರೆ ಸಿಟ್ಟು ಬರುತ್ತದೆ.

ಅವರ ಕಥೆ 1966ರದ್ದು. ಆ ವರ್ಷ ನವೆಂಬರ್ 19ಕ್ಕೆ ಈಸ್ಟ್ ಲ್ಯಾನ್ಸಿಂಗ್‌ನಲ್ಲಿ ಆಟ. ಒಂದು ಕಡೆ ಅಲ್ಲಿಯದೇ ಮಿಷಿಗನ್ ಸ್ಟೇಟ್, ಇನ್ನೊಂದು ಕಡೆ ನೋಟರ್ ಡೇಮ್. ದೇಶದ ರ‍್ಯಾಂಕಿಂಗ್‌ನಲ್ಲಿ ನೋಟರ್ ಡೇಮ್ 1, ಮಿಷಿಗನ್ ಸ್ಟೇಟ್ 2. ಇಬ್ಬರೂ ಆ ಸೀಸನ್ನಿನಲ್ಲಿ ಒಂದೂ ಸೋತಿಲ್ಲ. ಸ್ಟೇಡಿಯಮ್ಮಿನಲ್ಲಿ 80 ಸಾವಿರ ಜನ. ಮಾಷ್ಟ್ರು ಆ ಸ್ಟೇಡಿಯಮ್ಮಿಗೆ ಸುತ್ತು ಹಾಕಿ ಬಂದಿದ್ದಾರೆ, ಮಂಜು ಬೀಳುವಾಗ, ಮಫ್ಲರ್ ಸುತ್ತಿಕೊಂಡು.

ನೋಟರ್ ಡೇಮ್‌ಗೆ ಅವತ್ತು ಗ್ರಹಚಾರ. ಅವರ ಮುಖ್ಯ ಓಟಗಾರ ನಿಕ್ ಎಡ್ಡಿ ಊರಿಗೆ ಬಂದು ರೈಲಿನಿಂದ ಇಳಿಯುವಾಗಲೇ ಜಾರಿ ಭುಜ ನೋಯಿಸಿಕೊಂಡ, ಆಡಲಿಲ್ಲ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಟೆರ‍್ರಿ ಹ್ಯಾನ್‌ರಾಟ್ಟಿಗೆ ಆಟದ ಶುರುವಿನಲ್ಲೇ ಭುಜಕ್ಕೆ ಪೆಟ್ಟು. ಬದಲಿಗೆ ಇಳಿದದ್ದು ಕೋಲಿ ಓಬ್ರಿಯನ್, ಸಕ್ಕರೆ ಕಾಯಿಲೆಯ ಹುಡುಗ. 10-0 ಹಿಂದೆ ಬಿದ್ದವರು ಹೇಗೋ ಎದ್ದು 10-10 ಮಾಡಿದರು. ಕೊನೆಗೆ ಚೆಂಡು ನೋಟರ್ ಡೇಮ್ ಕೈಗೆ ಸಿಕ್ಕಿದಾಗ ಉಳಿದದ್ದು ಒಂದು ನಿಮಿಷ ಹತ್ತು ಸೆಕೆಂಡು. ಜಾಗ ತಮ್ಮದೇ 30ನೇ ಗಜದ ಗೆರೆ, ಅಂದರೆ ಎದುರಿನ ಕೊನೆಗೆ ಇನ್ನೂ 70 ಗಜ.

ಎಲ್ಲರೂ ದೊಡ್ಡ ಎಸೆತಕ್ಕೆ ಕಾದು ಕೂತಿದ್ದಾರೆ. ಕೋಚ್ ಆರಾ ಪಾರ್ಸೀಗಿಯನ್ ಅದಕ್ಕೆ ಹೋಗಲಿಲ್ಲ. ಚೆಂಡು ಹಿಡಿದು ಸ್ವಲ್ಪ ಓಡುವುದು, ಬೀಳುವುದು, ಗಡಿಯಾರ ಓಡಿಸುವುದು. ಎದುರಿನ ಆಟಗಾರರು ಮೈದಾನದಲ್ಲೇ ಹಂಗಿಸಿದರು, ಗ್ಯಾಲರಿಯಿಂದ ಬೊಬ್ಬೆ. ಆಟ ಸಮವಾಗಿಯೇ ಮುಗಿಯಿತು. ಆಗೆಲ್ಲಾ ಕಾಲೇಜು ಆಟಕ್ಕೆ ಓವರ್‌ಟೈಮ್ ಇರಲಿಲ್ಲ. ದೊಡ್ಡ ಕಾಲೇಜುಗಳ ಎಲ್ಲಾ ಪಂದ್ಯಕ್ಕೂ ಅದು ಬಂದದ್ದು 1996ರಲ್ಲಿ.

"ಹೇಡಿ ಅಂತ ಕರೆದರು," ಅನ್ನುತ್ತಾರೆ ಮಾಷ್ಟ್ರು, ಕಥೆ ಇಲ್ಲಿಗೆ ಬಂದಾಗ ಯಾವಾಗಲೂ ಚಾ ಗ್ಲಾಸು ಕೆಳಗಿಡುತ್ತಾರೆ. "ಆದರೆ ಮುಂದಿನ ವಾರ ಎಂತ ಆಯಿತು? ಸದರ್ನ್ ಕ್ಯಾಲಿಫೋರ್ನಿಯಾದ ಮೇಲೆ 51-0. ಓಟು ಹಾಕಿ ಚಾಂಪಿಯನ್ ಯಾರು ಅಂತ ಆರಿಸುವ ಕಾಲ ಅದು. ಚಾಂಪಿಯನ್ ಯಾರು? ನೋಟರ್ ಡೇಮ್!"

ಇದಕ್ಕೆ ಇಚ್ಚನ ಉತ್ತರ ಕೂಡಲೇ ಬಂತು. "ಮಾಷ್ಟ್ರೇ, ಅವನಿಗೆ ಮುಂದಿನ ವಾರ ಇತ್ತು. ನಮಗೆ ಮುಂದಿನ ವಾರ ಎಲ್ಲಿ ಉಂಟು? ಇದು ನಾಕೌಟ್ ಅಲ್ವಾ?"

ಟೇಬಲ್ಲಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನನಗೂ ಇದು ಬಹಳ ಹಿಡಿಸಿತು. ಅಮೆರಿಕದ ಆಟವನ್ನು ಜನ್ಮದಲ್ಲಿ ನೋಡದ ಆಟೋ ಡ್ರೈವರು ಅದರ ಒಳಗಿನ ಲೆಕ್ಕವನ್ನು ಒಂದೇ ಏಟಿಗೆ ಹಿಡಿದರು. ಮಿಷಿಗನ್ ಸ್ಟೇಟ್‌ಗೆ ಅದೇ ಸೀಸನ್ನಿನ ಕೊನೆಯ ಆಟ. ನೋಟರ್ ಡೇಮ್‌ಗೆ ಇನ್ನೊಂದು ಬಾಕಿ. ಕೈಯಲ್ಲಿ ಇನ್ನೊಂದು ಆಟ ಇಟ್ಟುಕೊಂಡವನು ಕಾಯಬಹುದು.

ಅದೇ ವರ್ಷ ಅಲಬಾಮಾ ಎಂಬ ತಂಡ ಒಂದೂ ಸೋಲದೆ, ಒಂದೂ ಸಮ ಮಾಡಿಕೊಳ್ಳದೆ ಎಲ್ಲಾ ಗೆದ್ದರೂ ಮೂರನೇ ಸ್ಥಾನಕ್ಕೆ ತಳ್ಳಿದರಂತೆ. ಇದನ್ನು ಹೇಳಿದಾಗ ಹಾಸ್ಟೆಲಿನ ಹುಡುಗರು ನಮ್ಮ ಯುವಜನೋತ್ಸವದ ಜಡ್ಜುಗಳನ್ನು ನೆನಪು ಮಾಡಿಕೊಂಡು ನಕ್ಕರು. ಅದು ಬೇರೆ ವಿಷಯ, ಬಿಡಿ.

ಮಾಷ್ಟ್ರು ಸುಲಭಕ್ಕೆ ಬಿಡುವವರಲ್ಲ. ಮರುದಿನ ಇನ್ನೊಂದು ತಂದರು. 1984ರ ಜನವರಿ 2, ಆರೆಂಜ್ ಬೌಲ್ ಎಂಬ ಸೀಸನ್ ಕೊನೆಯ ದೊಡ್ಡ ಆಟ, ನೆಬ್ರಾಸ್ಕಾ ಮತ್ತು ಮಯಾಮಿ. ನೆಬ್ರಾಸ್ಕಾ ಆ ಸೀಸನ್ನಿನಲ್ಲಿ ಸೋಲದ ತಂಡ, ನಂಬರ್ 1. ಕೊನೆಯ ನಿಮಿಷದಲ್ಲಿ ಟಚ್‌ಡೌನ್ ಹಾಕಿ (ಚೆಂಡನ್ನು ಎದುರಿನವರ ಕೊನೆಯ ಗೆರೆ ದಾಟಿಸುವುದು) 31-30ಕ್ಕೆ ಬಂದರು, ಒಂದೇ ಪಾಯಿಂಟ್ ಹಿಂದೆ. ಈಗ ಕೋಚ್ ಟಾಮ್ ಆಸ್ಬರ್ನ್ ಎದುರು ಎರಡು ದಾರಿ. ಸುಮ್ನೆ ಕಂಬದ ಮಧ್ಯ ಒಂದು ಕಿಕ್ ಹೊಡೆದರೆ 1 ಪಾಯಿಂಟ್, ಆಟ ಸಮ. ಸಮವಾದರೂ ಚಾಂಪಿಯನ್ ಅವರೇ ಆಗುತ್ತಿದ್ದರು ಅನ್ನುವುದು ಎಲ್ಲರ ಲೆಕ್ಕ. ಇಲ್ಲ, ಚೆಂಡನ್ನು ಮತ್ತೆ ಗೆರೆ ದಾಟಿಸಿದರೆ 2 ಪಾಯಿಂಟ್, ಪೂರ್ತಿ ಗೆಲುವು. ಆಸ್ಬರ್ನ್ 2ಕ್ಕೆ ಹೋದರು. ಪಾಸ್ ತಪ್ಪಿತು. ಮಯಾಮಿ ಚಾಂಪಿಯನ್.

"ನೋಡಿ, ಧೈರ್ಯ ಮಾಡಿದವನ ಗತಿ," ಅಂದರು ಮಾಷ್ಟ್ರು.

ಆಗ ಹಾಸ್ಟೆಲಿನ ಹುಡುಗಿಯೊಬ್ಬಳು (ಹುಡುಗಿಯರೂ ಬರುತ್ತಾರೆ, ಅದನ್ನು ಆಮೇಲೆ ಹೇಳುತ್ತೇನೆ) ಕೇಳಿದಳು: "ಆದ್ರೆ ಅವರನ್ನು ಅಲ್ಲಿಯವರು ಈಗ ಬೈತಾರಾ ಮಾಷ್ಟ್ರೇ?" ಮಾಷ್ಟ್ರು ಪ್ರಾಮಾಣಿಕ ಮನುಷ್ಯ. ಇಲ್ಲ, ಆಸ್ಬರ್ನನ್ನು ಹೊಗಳುತ್ತಾರೆ, ಪಾರ್ಸೀಗಿಯನ್ನಿನ ಆ ಒಂದು ನಿಮಿಷದ ಬಗ್ಗೆ ಇವತ್ತಿಗೂ ಜಗಳ ಮಾಡುತ್ತಾರೆ ಅಂತ ಒಪ್ಪಿಕೊಂಡರು. ಒಪ್ಪಿಕೊಂಡು ಇನ್ನೊಂದು ಕಟ್ಟ ಚಾ ಹೇಳಿದರು.

ಅಮೆರಿಕ ಅಷ್ಟಕ್ಕೆ ನಿಂತಿತು, ಊರಿನ ಉದಾಹರಣೆ ಶುರುವಾಯಿತು. ಕ್ರಿಕೆಟ್ ನೋಡುವ ಹುಡುಗರು ತಳಂಗರೆಯ ಮೊಹಮ್ಮದ್ ಅಜರುದ್ದೀನ್ ಹೆಸರು ತೆಗೆದರು. ನಮ್ಮ ಜಿಲ್ಲೆಯವನು, ಹಾಗಾಗಿ ಈ ಹೆಸರು ಬಂದರೆ ಮಾಮ ಕೂಡ ಸೌಟು ಬಿಟ್ಟು ಬರುತ್ತಾರೆ. 2025ರ ಫೆಬ್ರವರಿ, ರಣಜಿ ಸೆಮಿಫೈನಲ್, ಅಹಮದಾಬಾದಿನಲ್ಲಿ ಗುಜರಾತ್ ವಿರುದ್ಧ ಕೇರಳ. ಮೊದಲ ದಿನ ಪೂರ್ತಿ ಆಡಿ ಬರೀ 206 ರನ್. ನೋಡುವವರಿಗೆ ಆಕಳಿಕೆ. ಅಜರುದ್ದೀನ್ ಔಟಾಗದೆ 177, ಕೇರಳ 457. ಗುಜರಾತ್ 455ಕ್ಕೆ ಆಲೌಟ್. ಕೊನೆಯ ವಿಕೆಟ್ ಬಿದ್ದದ್ದಂತೂ ಶಾರ್ಟ್ ಲೆಗ್‌ನಲ್ಲಿ ನಿಂತಿದ್ದ ಸಲ್ಮಾನ್ ನಿಸಾರ್ ಹೆಲ್ಮೆಟ್ಟಿಗೆ ಚೆಂಡು ಬಡಿದು ಮೇಲೆ ಹಾರಿ ಸ್ಲಿಪ್ಪಿನ ಕೈಗೆ ಬಂದು. ಪಂದ್ಯ ಡ್ರಾ ಆದರೂ ಮೊದಲ ಇನ್ನಿಂಗ್ಸಿನ ಎರಡು ರನ್ನಿನ ಲೀಡಿನಲ್ಲಿ ಕೇರಳ ಮೊದಲ ಸಲ ರಣಜಿ ಫೈನಲ್. ನಿಧಾನ ಆಡಿದ್ದಕ್ಕೇ ಅಲ್ವಾ ಅಂತ ಕೋಚ್ ಕಡೆಯವರು ಮೀಸೆ ತಿರುವಿದರು.

ಅದಕ್ಕೆ ಇಚ್ಚ ಬಿಟ್ಟ ಬಾಣ ಸಂತೋಷ್ ಟ್ರೋಫಿ, ರಾಜ್ಯ ರಾಜ್ಯಗಳ ಫುಟ್‌ಬಾಲ್. 2022ರ ಏಪ್ರಿಲ್ 28, ಮಂಜೇರಿ, ಸೆಮಿಫೈನಲ್, ಕೇರಳ ಮತ್ತು ಕರ್ನಾಟಕ. ನಮ್ಮಂಥ ಗಡಿಯವರಿಗೆ ಇದು ಪೀಕಲಾಟದ ಆಟ. ರೇಷನ್ ಕಾರ್ಡು ಕೇರಳದ್ದು, ಮಾತು ಕರ್ನಾಟಕದ್ದು. ಮಾಮನ ಹೋಟೆಲಿನಲ್ಲಿ ಅವತ್ತು ಯಾರ ಗೋಲಿಗೂ ಅರ್ಧ ಜನ ಚಪ್ಪಾಳೆ. ಮೊದಲು ಗೋಲು ಹಾಕಿದ್ದು ಕರ್ನಾಟಕ. ಅರ್ಧ ಗಂಟೆಯ ಹೊತ್ತಿಗೇ ಕೇರಳದ ಕೋಚ್ ಬಿನೋ ಜಾರ್ಜ್ ಸಬ್ ಆಗಿ ಇಳಿಸಿದ್ದು ಟಿ.ಕೆ. ಜೆಸಿನ್. ಆ ಹುಡುಗ ಒಬ್ಬನೇ ಐದು ಗೋಲು. 7-3. "ಸಬ್ ಅಂದರೆ ಅದು," ಅಂದರು ಇಚ್ಚ. ಮುಂದಿನ ವರ್ಷ ಮಾರ್ಚ್ 4ಕ್ಕೆ ರಿಯಾದಿನಲ್ಲಿ ಮೇಘಾಲಯವನ್ನು 3-2ಕ್ಕೆ ಸೋಲಿಸಿ ಕರ್ನಾಟಕ 54 ವರ್ಷದ ಮೇಲೆ ಕಪ್ ಎತ್ತಿದಾಗ ಮಾಮ ಎಲ್ಲರಿಗೂ ಒಂದೊಂದು ಬನ್ಸ್ ಫ್ರೀ ಕೊಟ್ಟಿದ್ದರು. ಫ್ರೀ ಕೊಟ್ಟದ್ದು ಅದೊಂದೇ ಸಲ, ಅದನ್ನೂ ಇವತ್ತಿನವರೆಗೆ ಹೇಳುತ್ತಾರೆ.

ಇಷ್ಟೆಲ್ಲಾ ಆಗುವಾಗ ಒಂದು ಸಂಜೆ ಕೋಚ್ ಅವರೇ ಬಂದರು.

ಈ ಹೋಟೆಲಿನ ಗುಣ ಏನು ಅಂತ ಕೇಳಿದರೆ ನಾನು ಆ ಸಂಜೆಯನ್ನು ಹೇಳುತ್ತೇನೆ. ಅಲ್ಲಿಯವರೆಗೆ ಬೈಯುತ್ತಿದ್ದವರು ಯಾರೂ ಮುಖ ತಿರುಗಿಸಲಿಲ್ಲ. ಹಿಂದಿನಿಂದ ಹಂಗಿಸಲಿಲ್ಲ. ಇಚ್ಚ ಸರಿದು ಬೆಂಚಿನಲ್ಲಿ ಜಾಗ ಮಾಡಿಕೊಟ್ಟು "ಬನ್ನಿ ಸಾರ್, ಕೂತುಕೊಳ್ಳಿ" ಅಂದರು. ಮಾಮ ಕೇಳದೆಯೇ ಚಾ ಇಟ್ಟರು, ಗೋಲಿಬಜೆ ಇಟ್ಟರು. ಮಾತು ಮಾತ್ರ ನಿಲ್ಲಲಿಲ್ಲ. ಅವರ ಎದುರಿಗೇ ಕಡಪ ಕಲ್ಲಿನ ಮೇಲೆ ಗೆರೆ ಎಳೆದು "ಇಲ್ಲಿ ನೋಡಿ ಸಾರ್, ರೈಟ್ ಬ್ಯಾಕ್ ಇಲ್ಲಿಂದ ಇಲ್ಲಿಗೆ ಬಂದ" ಅಂತ ತೋರಿಸಿದರು.

ಕೋಚ್ ಒಂದು ಗೋಲಿಬಜೆ ಪೂರ್ತಿ ತಿಂದು ಮುಗಿಸಿದರು. ಮತ್ತೆ ಹೇಳಿದರು: "ಅವನ ಕಾಲು ಹಿಡಿದಿತ್ತು. ಎರಡು ಸಲ ನನಗೆ ಕೈ ತೋರಿಸಿದ್ದ. ನಿಮಗೆ ಗ್ಯಾಲರಿಯಿಂದ ಕಂಡಿರಲಿಕ್ಕಿಲ್ಲ."

11ರ ಮೀನಖಂಡ ಹಿಡಿದದ್ದು ನಿಜವೇ. ಮರುದಿನ ಅವನು ನನ್ನ ಅಂಗಡಿಯ ಮೆಟ್ಟಿಲು ಇಳಿಯುವಾಗ ಕುಂಟುತ್ತಿದ್ದ. ಇಚ್ಚ ಒಂದು ನಿಮಿಷ ಸುಮ್ಮನಾದರು. ಮಾಷ್ಟ್ರ ಮುಖದಲ್ಲಿ ಬೆಳಕು. ಆದರೆ ಆ ಬೆಳಕು ಜಾಸ್ತಿ ಹೊತ್ತು ಉಳಿಯಲಿಲ್ಲ. ಹಾಸ್ಟೆಲಿನ ಅದೇ ಹುಡುಗಿ ಕೇಳಿದಳು, "ಹಾಗಾದ್ರೆ 17 ಯಾಕೆ ಬೇಡ ಸಾರ್?"

17 ಅಂದರೆ ಫಸ್ಟ್ ಇಯರಿನ ಹುಡುಗ. ಅವನದ್ದೂ ಎಡ ವಿಂಗು, ಅವನಿಗೂ ಓಟ ಉಂಟು. ಇಡೀ ಟೂರ್ನಿಯಲ್ಲಿ ಇಳಿಸಿಲ್ಲ. ಜರ್ಸಿ ಕೊಂಡುಹೋಗುವಾಗ ಹಿಂದೆ ಹೆಸರು ದಪ್ಪ ಅಕ್ಷರದಲ್ಲಿ ಬರಲಿ ಅಕ್ಕಾ ಅಂತ ಹೇಳಿದ್ದ, ಅವನ ಅಜ್ಜಿ ಗೇಟಿನ ಹತ್ತಿರ ನಿಂತು ನೋಡುತ್ತಾರಂತೆ. ನಾನು ಎರಡು ಪಾಯಿಂಟ್ ದೊಡ್ಡದು ಮಾಡಿ ಹಾಕಿದ್ದೆ, ದುಡ್ಡು ಜಾಸ್ತಿ ತೆಗೆದುಕೊಂಡಿಲ್ಲ.

ಕೋಚ್ ಹೇಳಿದ್ದು ಇಷ್ಟು: ಸೆಮಿಫೈನಲ್ಲಿನ ಕೊನೆಯ ಹತ್ತು ನಿಮಿಷ, ಅನುಭವ ಇಲ್ಲದ ಹುಡುಗ, ಒಂದು ತಪ್ಪು ಪಾಸ್ ಕೊಟ್ಟು ಗೋಲಾದರೆ ಅವನನ್ನು ಈ ಊರು ನಾಲ್ಕು ವರ್ಷ ಹಂಗಿಸುತ್ತದೆ. ಈಗ ಹಂಗಿಸುವುದಾದರೆ ನನ್ನನ್ನು ಹಂಗಿಸಲಿ.

ಈ ಉತ್ತರ ನನಗೆ ಇಷ್ಟವಾಯಿತು. ಆದರೂ ನಾನು ಇಚ್ಚನ ಕಡೆಯೇ. ಎಚ್ಚರಿಕೆ ಮಾಡುವುದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಪಾರ್ಸೀಗಿಯನ್ ಚೆಂಡನ್ನು ತನ್ನ ಕೈಯಲ್ಲೇ ಇಟ್ಟುಕೊಂಡು ಗಡಿಯಾರ ಓಡಿಸಿದರು. ಅಜರುದ್ದೀನ್ ಕ್ರೀಸಿನಲ್ಲೇ ನಿಂತು ರನ್ ಕೂಡಿಸಿದ. ನಮ್ಮ ಕೋಚ್ ಚೆಂಡನ್ನೇ ಎದುರಿನವರಿಗೆ ಬಿಟ್ಟುಕೊಟ್ಟು ಹಿಂದೆ ನಿಂತರು. ಅಡಿಕೆ ತೋಟಕ್ಕೆ ಹೊಡೆದ ಪ್ರತಿ ಚೆಂಡೂ ಅರ್ಧ ನಿಮಿಷದಲ್ಲಿ ಅವರ ಥ್ರೋ ಆಗಿ ವಾಪಸ್ ಬಂತು. 17 ತಪ್ಪು ಪಾಸ್ ಕೊಡುತ್ತಿದ್ದನೋ ಏನೋ. ಅವನು ಗೆರೆಯ ಹತ್ತಿರ ಸುಮ್ನೆ ನಿಂತಿದ್ದರೂ ಆ ರೈಟ್ ಬ್ಯಾಕ್ ಹಿಂದೆಯೇ ಉಳಿಯುತ್ತಿದ್ದ. ಇದನ್ನು ನಾನು ಕೋಚಿಗೆ ಅಲ್ಲೇ ಹೇಳಿದೆ. ಅವರು "ಆಗಬಹುದಿತ್ತು" ಅಂದರು. ಸಾರ್ ಅಂತ ಕರೆಸಿಕೊಳ್ಳುವವರ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು. ಮಾಷ್ಟ್ರು ಮಾತ್ರ ಒಪ್ಪಿಲ್ಲ. ಪೆನಾಲ್ಟಿಯಲ್ಲಿ 4-3 ಅಂದರೆ ಅದೃಷ್ಟ, ಕೋಚಿನ ತೀರ್ಮಾನವನ್ನು ರಿಸಲ್ಟ್ ನೋಡಿ ಅಳೆಯಬಾರದು, ಅದು ಗಣಿತ ಅಲ್ಲ ಅನ್ನುತ್ತಾರೆ. ಆ ಮಾತಿನಲ್ಲೂ ಹುರುಳು ಉಂಟು. ಕಾರ್ನರಿಗೆ 15 ಸರಿಯಾಗಿ ಹಾರಿದ್ದರೆ ಇವತ್ತು ಕೋಚ್ ಚಾಣಕ್ಯ, ಇಚ್ಚ ಬಾಯಿ ಮುಚ್ಚಿಕೊಂಡು ಆಟೋ ಓಡಿಸುತ್ತಿದ್ದರು.

ಇನ್ನು ಹೋಟೆಲಿನ ತೊಂದರೆಗಳು.

ಕೈ ತೊಳೆಯುವ ನಲ್ಲಿ ಹೊರಗೆ, ಮಳೆಗಾಲದಲ್ಲಿ ಕೊಡೆ ಹಿಡಿದು ಕೈ ತೊಳೆಯಬೇಕು. ಟಾಯ್ಲೆಟ್ ಇಲ್ಲ. ಹೆಂಗಸರು ಬೇಕಾದರೆ ನನ್ನ ಅಂಗಡಿಯ ಹಿಂದಿನದಕ್ಕೆ ಬರುತ್ತಾರೆ, ಬರಲಿ, ಆದರೆ ಇದು ಮಾಮ ಮಾಡಬೇಕಾದ ಕೆಲಸ. ಮಾತು ಬಿಸಿಯಾದರೆ ಬಿಲ್ಲು ತಡ. ಮಾಮ ಬಾಯಲ್ಲೇ ಲೆಕ್ಕ ಮಾಡುತ್ತಾರೆ, ನಡುವೆ ಯಾರಾದರೂ ಸ್ಕೋರ್ ಹೇಳಿದರೆ ತಪ್ಪುತ್ತದೆ, ಮತ್ತೆ ಮೊದಲಿನಿಂದ. ಒಂದು ಸಲ ಎರಡು ಚಾ, ಒಂದು ಪ್ಲೇಟ್ ಗೋಲಿಬಜೆಗೆ 51 ರೂಪಾಯಿ ಹೇಳಿದರು. ನೋಟರ್ ಡೇಮ್ ಸ್ಕೋರು ತಲೆಯಲ್ಲಿ ಉಳಿದಿರಬೇಕು. ಗೋಲಿಬಜೆ ಪ್ಲೇಟಿಗೆ 40. ನಾನೇ ಸರಿ ಮಾಡಿ 64 ಕೊಟ್ಟೆ. ಯುಪಿಐ ಉಂಟು, ನೆಟ್‌ವರ್ಕ್ ಇದ್ದರೆ.

ಚಾಕ್ಕೆ ಸಕ್ಕರೆ ಬೇಡ ಅಂದರೆ ಮೊದಲೇ ಹೇಳಿ, ಕೆಟಲಿನಲ್ಲೇ ಹಾಕಿಟ್ಟಿರುತ್ತಾರೆ. ಟೀವಿ ಒಂದು ಉಂಟು, ಶಬ್ದ ಯಾವಾಗಲೂ ಬಂದ್. ಆಟ ನೋಡಲು ಹೋಗುವವರಿಗೆ ಈ ಹೋಟೆಲು ಸರಿ ಅಲ್ಲ, ಚಿತ್ರ ಒಂದು ಕಡೆ ಹಸಿರಾಗಿ ಉಂಟು. ಆಟ ಆದ ಮೇಲೆ ಹೋಗಬೇಕು.

ಹೆಂಗಸರು ಕೂತುಕೊಳ್ಳಬಹುದಾ ಅಂತ ಕೇಳುವವರಿಗೆ: ಕೂತುಕೊಳ್ಳಬಹುದು. ಮೊದಲೆಲ್ಲಾ ಪಾರ್ಸೆಲ್ ತೆಗೆದುಕೊಂಡು ಹೋಗುವುದಷ್ಟೇ ಇತ್ತು. ಕಾಲೇಜಿನ ಹುಡುಗಿಯರು ಬರಲು ಶುರು ಮಾಡಿದ ಮೇಲೆ ಬದಲಾಯಿತು. ಅವರಿಗೂ ಟೀಮು ಉಂಟು ಈಗ, ಜರ್ಸಿ ನಾನೇ ಹಾಕಿದ್ದು, ಹಳದಿ ಮೇಲೆ ನೀಲಿ. ಕಡಪ ಕಲ್ಲಿನ ಟೇಬಲ್ಲಿನ ಗೋಡೆ ಪಕ್ಕದ ಜಾಗ ನನ್ನದು. ಯಾರಾದರೂ ಅಲ್ಲಿ ಕೂತಿದ್ದರೆ ಮಾಮ ಎಬ್ಬಿಸುತ್ತಾರೆ, ನಾನು ಹೇಳುವುದು ಬೇಡ.

ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಟಾಯ್ಲೆಟ್ಟಿಗೆ.

ಬೆಳಗ್ಗೆ ಆರೂವರೆಯಿಂದ ರಾತ್ರಿ ಎಂಟರವರೆಗೆ ತೆರೆದಿರುತ್ತದೆ. ಭಾನುವಾರ ಮಧ್ಯಾಹ್ನದವರೆಗೆ ಮಾತ್ರ. ಪಾರ್ಸೆಲ್ ಬೇಕಾದರೆ ಚಟ್ನಿಗೆ ಡಬ್ಬಿ ನೀವೇ ತನ್ನಿ, ಪ್ಲಾಸ್ಟಿಕ್ ಕೊಡುವುದಿಲ್ಲ. ಬೈಕು ಮೈದಾನದ ಗೇಟಿಗೆ ಅಡ್ಡ ನಿಲ್ಲಿಸಬೇಡಿ, ಐದು ಗಂಟೆಗೆ ಪ್ರಾಕ್ಟೀಸಿಗೆ ಹುಡುಗರು ಬರುತ್ತಾರೆ. ಕೋಚ್ ಈಗಲೂ ಅವರೇ. ಈಗ ಎಡ ವಿಂಗಿನಲ್ಲಿ 11 ಮತ್ತು 17 ಇಬ್ಬರನ್ನೂ ಓಡಿಸುತ್ತಿದ್ದಾರೆ. ಅದರ ಮೇಲೆ ಒಳಗೆ ಹೊಸ ಜಗಳ ಶುರುವಾಗಿದೆ.